ಬ್ಯಾಟರಿ ಹೋಗಿದೆ ಎನ್ನುವ ಮೊದಲು: ಎಲೆಕ್ಟ್ರಿಕ್ ಸ್ಕೂಟರ್ ದೋಷ ಹುಡುಕುವ ಮನೆ ಕೈಪಿಡಿ

ಕಳೆದ ಮಳೆಗಾಲದಲ್ಲಿ ನಮ್ಮ ಅತ್ತಿಗೆಯ ಎಲೆಕ್ಟ್ರಿಕ್ ಸ್ಕೂಟರ್ ಒಂದು ಬೆಳಿಗ್ಗೆ ಗೇಟಿನ ಬಳಿಯೇ ನಿಂತುಬಿಟ್ಟಿತು. ಡಿಸ್‌ಪ್ಲೇ ಹತ್ತಿತ್ತು, ಹಾರ್ನ್ ಕೂಗುತ್ತಿತ್ತು, ಆದರೆ ಆ್ಯಕ್ಸಿಲರೇಟರ್ ತಿರುಗಿಸಿದರೆ ಚಕ್ರ ಅಲುಗುತ್ತಿರಲಿಲ್ಲ. ನೋಡಿದ ರಿಪೇರಿ ಅಂಗಡಿಯವರು ಬ್ಯಾಟರಿ ಹೋಗಿದೆ, ಹೊಸದಕ್ಕೆ 32,000 ರೂಪಾಯಿ ಆಗುತ್ತದೆ ಎಂದರು. ಅತ್ತಿಗೆ ಚೀಟಿ ಹಣ ಎತ್ತುವ ಯೋಚನೆಯಲ್ಲಿದ್ದರು. ಸಂಜೆ ನಾನು ಹೋಗಿ ನೋಡಿದಾಗ, ಯಾರೂ ಬ್ರೇಕ್ ಹಿಡಿಯದಿದ್ದರೂ ಹಿಂದಿನ ಬ್ರೇಕ್ ದೀಪ ಉರಿಯುತ್ತಲೇ ಇತ್ತು. ಎಡಗಡೆಯ ಲಿವರ್‌ನ ಬುಡದಲ್ಲಿ ಕೆಸರು ಒಣಗಿ ಗಟ್ಟಿಯಾಗಿತ್ತು. ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ, ಹಾಗಾಗಿ ಅಲ್ಲಿನ ಸಣ್ಣ ಸ್ವಿಚ್ 'ಬ್ರೇಕ್ ಹಿಡಿದಿದ್ದಾರೆ' ಎಂದು, ಮೋಟರ್‌ಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್‌ಗೆ ತಿಳಿಸುತ್ತಲೇ ಇತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಎರಡು ಹನಿ ಎಣ್ಣೆ ಬಿಟ್ಟ ಮೇಲೆ ಗಾಡಿ ಓಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಕೆಲಸ ಇನ್ನೊಂದು ಮನೆಯಲ್ಲಿ ನಡೆಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ 48 ಅಥವಾ 60 ವೋಲ್ಟ್ ಬ್ಯಾಟರಿಯ, ಹಿಂದಿನ ಚಕ್ರದೊಳಗೇ ಮೋಟರ್ ಇರುವ ಸಾದಾ ಸ್ಕೂಟರ್‌ಗಳಿಗೆ ಸಂಬಂಧಿಸಿದ್ದು. ಗಂಟೆಗೆ 25 ಕಿಲೋಮೀಟರ್ ವೇಗ ಮತ್ತು 250 ವ್ಯಾಟ್ ಮಿತಿಯೊಳಗಿದ್ದು ನೋಂದಣಿ, ಲೈಸೆನ್ಸ್ ಬೇಡದ ಗಾಡಿಗಳು ಹೆಚ್ಚಾಗಿ ಈ ಬಗೆಯವೇ. ಮೊಬೈಲ್ ಆ್ಯಪ್‌ನೊಂದಿಗೆ ಬರುವ ವೇಗದ ಸ್ಕೂಟರ್‌ಗಳಲ್ಲೂ ಹೊರಗಿನ ತಪಾಸಣೆ ಇದೇ ರೀತಿ. ಆದರೆ ಅವುಗಳ ಕವಚ ಬಿಚ್ಚಿ ಒಳಗಿನ ಕನೆಕ್ಟರ್ ಮುಟ್ಟಿದರೆ ವಾರಂಟಿ ಹೋಗುವ ಅಪಾಯವಿದೆ.

ಕೈ ಹಾಕುವ ಮುನ್ನ

ಮನೆಯ ಕರೆಂಟ್ 230 ವೋಲ್ಟ್, ಇದು ಬರೀ 60 ತಾನೇ ಎಂದು ಹಗುರವಾಗಿ ಕಾಣಬೇಡಿ. ಇಲ್ಲಿ ಶಾಕ್‌ಗಿಂತ ಕಿಡಿಯ ಭಯ ದೊಡ್ಡದು. ಬ್ಯಾಟರಿಯ ಎರಡು ತುದಿಗಳಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೋಹ ಕರಗಿ ಸಿಡಿಯುತ್ತದೆ. ಉಂಗುರ, ಬಳೆ, ಲೋಹದ ಪಟ್ಟಿಯ ಕೈಗಡಿಯಾರ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಸೀಟಿನ ಕೆಳಗೋ ಕಾಲಿಡುವ ಹಲಗೆಯ ಬಳಿಯೋ ಇರುವ ಎಂಸಿಬಿಯನ್ನು (ಹೆಚ್ಚು ವಿದ್ಯುತ್ ಹರಿದರೆ ತಾನೇ ಬೀಳುವ ಮುಖ್ಯ ಸ್ವಿಚ್) ಆಫ್ ಮಾಡಿ ಹತ್ತು ನಿಮಿಷ ಕಾಯಿರಿ, ಏಕೆಂದರೆ ಕಂಟ್ರೋಲರ್‌ನ ಒಳಗೆ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಚಕ್ರ ತಿರುಗಿಸಿ ನೋಡುವ ಪರೀಕ್ಷೆಗಳನ್ನು ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲದಿಂದ ಮೇಲಿದ್ದಾಗ ಮಾತ್ರ ಮಾಡಿ. ಸೀರೆಯ ಸೆರಗು, ದುಪಟ್ಟಾ, ಮಕ್ಕಳು ದೂರವಿರಲಿ.

ಬೇಕಾದ ಸಾಮಾನು ಹೆಚ್ಚಿಲ್ಲ: ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂ ಡ್ರೈವರ್, ಗಾಳಿ ಅಳೆಯುವ ಗೇಜ್, ಬ್ರಷ್. ಮೀಟರನ್ನು ಡಿಸಿ 200 ವೋಲ್ಟ್‌ಗೆ ಇಟ್ಟುಕೊಳ್ಳಿ.

ಒಂದು ಗೆರೆಯನ್ನು ನಾನು ದಾಟುವುದಿಲ್ಲ, ನೀವೂ ದಾಟಬೇಡಿ. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬಾರದು. ಅದರೊಳಗೆ ಆಫ್ ಮಾಡಲು ಯಾವ ಸ್ವಿಚ್ಚೂ ಇರುವುದಿಲ್ಲ.

ಕೀ ತಿರುಗಿಸಿದರೂ ಡಿಸ್‌ಪ್ಲೇ ಹತ್ತುತ್ತಿಲ್ಲ

ಮೊದಲು ಎಂಸಿಬಿ ನೋಡಿ. ಸೀಟಿನ ಕೆಳಗೆ ತುರುಕಿದ ರೇನ್‌ಕೋಟ್ ತಾಗಿ ಅದು ಕೆಳಗೆ ಬಿದ್ದಿರುವುದನ್ನು ನಾನೇ ಎರಡು ಬಾರಿ ಕಂಡಿದ್ದೇನೆ. ಮೇಲಕ್ಕೆತ್ತಿದಾಗ ನಿಂತರೆ ಸರಿ. ಮತ್ತೆ ಮತ್ತೆ ಬೀಳುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಬೆರಳಿನಿಂದ ಒತ್ತಿ ಹಿಡಿಯುವುದು, ಎಂಸಿಬಿಯನ್ನೇ ತಪ್ಪಿಸಿ ನೇರ ವೈರ್ ಕೊಡುವುದು ಬೆಂಕಿಗೆ ದಾರಿ. ಅಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ.

ಬ್ಯಾಟರಿ ತೆಗೆದು ಹಾಕುವಂಥದ್ದಾದರೆ ಒಮ್ಮೆ ತೆಗೆದು ಪಿನ್‌ಗಳನ್ನು ನೋಡಿ, ಗಟ್ಟಿಯಾಗಿ ಕೂರಿಸಿ. ಪಿನ್ ಕಪ್ಪಾಗಿ ಪ್ಲಾಸ್ಟಿಕ್ ಕರಗಿದ್ದರೆ ಸಡಿಲ ಸಂಪರ್ಕದಿಂದ ಕಾದಿದೆ ಎಂದರ್ಥ. ಆ ಕನೆಕ್ಟರನ್ನು ಬದಲಿಸಲೇಬೇಕು, ಉಜ್ಜಿ ಬಳಸುವಂತಿಲ್ಲ. ಮುಂದೆ ಫ್ಯೂಸ್. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನು ಹಾಕಿ. ಹೊಸದೂ ಕೂಡಲೇ ಸುಟ್ಟರೆ ಮೂರನೆಯದನ್ನು ಹಾಕಬೇಡಿ.

ಮೀಟರ್‌ನಲ್ಲಿ ಬ್ಯಾಟರಿಯ ವೋಲ್ಟೇಜ್ ಸರಿಯಾಗಿದ್ದೂ ಡಿಸ್‌ಪ್ಲೇ, ದೀಪ, ಹಾರ್ನ್ ಮೂರೂ ಸತ್ತಿದ್ದರೆ 12 ವೋಲ್ಟ್‌ನ ಭಾಗವನ್ನು ಅನುಮಾನಿಸಿ. ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು 12 ವೋಲ್ಟ್‌ಗೆ ಇಳಿಸಿ ದೀಪ, ಹಾರ್ನ್‌ಗಳಿಗೆ ಕೊಡುವ ಕನ್ವರ್ಟರ್ ಒಂದಿರುತ್ತದೆ. ಕೆಲವು ಮಾದರಿಗಳಲ್ಲಿ ಜೊತೆಗೆ ಪುಟ್ಟ 12 ವೋಲ್ಟ್ ಬ್ಯಾಟರಿಯೂ ಇರುತ್ತದೆ. ಆ ಪುಟ್ಟದು ಬರಿದಾದರೆ, ದೊಡ್ಡದು ತುಂಬಿದ್ದರೂ ಗಾಡಿ ಎಚ್ಚರಗೊಳ್ಳುವುದಿಲ್ಲ. ತಿಂಗಳುಗಟ್ಟಲೆ ಊರಲ್ಲಿ ಇರದೆ ಮರಳಿದವರ ಗಾಡಿಗಳಲ್ಲಿ ಇದು ಸಾಮಾನ್ಯ.

ಡಿಸ್‌ಪ್ಲೇ ಇದೆ, ಗಾಡಿ ಹೊರಡುತ್ತಿಲ್ಲ

ಅನ್ಯಾಯವಾಗಿ ಬ್ಯಾಟರಿಯ ಮೇಲೆ ಅಪವಾದ ಬರುವುದು ಹೆಚ್ಚಾಗಿ ಈ ಲಕ್ಷಣದಲ್ಲಿ. ಆದ್ದರಿಂದ ಇಲ್ಲಿ ಸಾವಧಾನವಾಗಿ ನೋಡೋಣ.

ಹಿಂದೆ ಹೋಗಿ ಬ್ರೇಕ್ ದೀಪ ನೋಡಿ. ಬ್ರೇಕ್ ಹಿಡಿದಾಗ ಮೋಟರ್‌ಗೆ ವಿದ್ಯುತ್ ನಿಲ್ಲಬೇಕೆಂದು ಎರಡೂ ಲಿವರ್‌ಗಳಲ್ಲಿ ಸ್ವಿಚ್ ಇಟ್ಟಿರುತ್ತಾರೆ. ಕೈ ಬಿಟ್ಟ ಮೇಲೂ ದೀಪ ಉರಿಯುತ್ತಿದ್ದರೆ ಅಪರಾಧಿ ಸಿಕ್ಕಂತೆಯೇ. ಒಂದೊಂದೇ ಲಿವರನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ ನೋಡಿ, ಯಾವುದನ್ನು ತಳ್ಳಿದಾಗ ದೀಪ ಆರುತ್ತದೆಯೋ ದೋಷ ಅಲ್ಲಿದೆ. ಸ್ವಚ್ಛ ಮಾಡಿ, ಬ್ರೇಕ್ ಕೇಬಲ್ ಅತಿ ಬಿಗಿಯಾಗಿದ್ದರೆ ತುಸು ಸಡಿಲಿಸಿ. ಅದಕ್ಕೂ ಜಗ್ಗದಿದ್ದರೆ ಆ ಸ್ವಿಚ್ಚಿನ ಕನೆಕ್ಟರ್ ಕಳಚಿ, ಸ್ಟ್ಯಾಂಡ್ ಮೇಲೆ ಚಕ್ರ ತಿರುಗುತ್ತದೆಯೇ ನೋಡಬಹುದು. ಹೆಚ್ಚಿನ ಗಾಡಿಗಳಲ್ಲಿ ಕಳಚಿದ ಕೂಡಲೇ ಮೋಟರ್ ಓಡುತ್ತದೆ. ಇದು ಪರೀಕ್ಷೆಗೆ ಮಾತ್ರ. ಕಳಚಿದ ಸ್ವಿಚ್ಚಿನೊಂದಿಗೆ ರಸ್ತೆಗೆ ಇಳಿದರೆ ಬ್ರೇಕ್ ಹಿಡಿದಾಗಲೂ ಮೋಟರ್ ಎಳೆಯುತ್ತಿರಬಹುದು, ಹಿಂದಿನವರಿಗೆ ಬ್ರೇಕ್ ದೀಪವೂ ಕಾಣದು.

ಬ್ರೇಕ್ ದೀಪ ಸರಿಯಿದೆಯೇ? ಹಾಗಾದರೆ ಸೈಡ್ ಸ್ಟ್ಯಾಂಡ್. ಅದರ ಬುಡದ ಸೆನ್ಸರ್‌ಗೆ ಕೆಂಪುಮಣ್ಣು ಮೆತ್ತಿದರೆ, ಸ್ಟ್ಯಾಂಡ್ ಮೇಲಿದ್ದರೂ ಕೆಳಗಿದೆ ಎಂದೇ ಗಾಡಿ ತಿಳಿಯುತ್ತದೆ. ಆಮೇಲೆ ಪಾರ್ಕಿಂಗ್ ಗುಂಡಿ: ಡಿಸ್‌ಪ್ಲೇಯಲ್ಲಿ 'ಪಿ' ಕಾಣುತ್ತಿದ್ದರೆ ಬ್ರೇಕ್ ಹಿಡಿದು ಆ ಗುಂಡಿ ಒತ್ತಬೇಕಾದ ಮಾದರಿಗಳಿವೆ. ಕೀ ಹಾಕುವಾಗಲೇ ಆ್ಯಕ್ಸಿಲರೇಟರ್ ತಿರುಗಿದ್ದರೂ ಹಲವು ಕಂಟ್ರೋಲರ್‌ಗಳು ಸುರಕ್ಷತೆಗಾಗಿ ಹೊರಡುವುದಿಲ್ಲ. ಕೀ ಆಫ್ ಮಾಡಿ, ಹಿಡಿಯನ್ನು ಪೂರ್ತಿ ಬಿಟ್ಟು, ಮತ್ತೆ ಆನ್ ಮಾಡಿ ನೋಡಿ.

ಇಷ್ಟಕ್ಕೂ ಖರ್ಚಿಲ್ಲ. ಇನ್ನು ಮೀಟರ್ ಹಿಡಿಯಬೇಕು. ಆ್ಯಕ್ಸಿಲರೇಟರ್‌ನಿಂದ ಬರುವ ವೈರುಗಳಲ್ಲಿ ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪಿನ ನಡುವೆ ಸುಮಾರು 5 ವೋಲ್ಟ್ ಇರಬೇಕು. ಮೂರನೆಯದು ಸಿಗ್ನಲ್ ವೈರು. ಕಪ್ಪಿನಿಂದ ಅದಕ್ಕೆ ಅಳೆದರೆ ಹಿಡಿ ಬಿಟ್ಟಾಗ 0.8ರಿಂದ 1 ವೋಲ್ಟ್, ಪೂರ್ತಿ ತಿರುಗಿಸಿದಾಗ ಮೂರೂವರೆಯಿಂದ ನಾಲ್ಕರ ಆಸುಪಾಸು, ನಡುವೆ ಮೆಲ್ಲಗೆ ಏರಿಕೆ. ಏರದಿದ್ದರೆ ಆ್ಯಕ್ಸಿಲರೇಟರ್ ಬದಲಿಸಿದರೆ ಮುಗಿಯಿತು, ಅದು ದುಬಾರಿ ಭಾಗವಲ್ಲ. 5 ವೋಲ್ಟೇ ಬರುತ್ತಿಲ್ಲವಾದರೆ ಕಂಟ್ರೋಲರ್ ಅಥವಾ ಅದಕ್ಕೆ ಹೋಗುವ ವೈರಿಂಗ್ ನೋಡಬೇಕು. ಅದು ಮೆಕ್ಯಾನಿಕ್ ಕೆಲಸ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಆ್ಯಕ್ಸಿಲರೇಟರ್‌ನ ಕಪ್ಪು ವೈರು ತುಂಡಾದರೆ ಸಿಗ್ನಲ್ ತಾನಾಗಿ ಮೇಲೇರುತ್ತದೆ. ಅಗ್ಗದ ಕಂಟ್ರೋಲರ್ ಇರುವ ಗಾಡಿ ಆಗ ನುಗ್ಗಿಬಿಡಬಹುದು. ಹ್ಯಾಂಡಲ್ ತಿರುಗಿಸಿದಾಗ ವೇಗ ತಾನೇ ಹೆಚ್ಚುಕಡಿಮೆ ಆಗುತ್ತಿದ್ದರೆ ಅದು ಮುನ್ಸೂಚನೆ. ಅಂಥ ಗಾಡಿಯನ್ನು ಓಡಿಸಬೇಡಿ, ತಳ್ಳಿಕೊಂಡು ಹೋಗಿ.

ಚಾರ್ಜ್ ಆಗುತ್ತಿಲ್ಲ

ಗೋಡೆಯಿಂದ ಶುರು ಮಾಡಿ. ಅದೇ ಸಾಕೆಟ್‌ಗೆ ಟೇಬಲ್ ಫ್ಯಾನ್ ಹಾಕಿ ನೋಡಿ. ಆಮೇಲೆ ಚಾರ್ಜರ್ ದೀಪ. ದೀಪವೇ ಇಲ್ಲವೆಂದರೆ ಚಾರ್ಜರ್ ಅಥವಾ ಅದರ ಫ್ಯೂಸ್ ಹೋಗಿದೆ. ಸಾಮಾನ್ಯವಾಗಿ ಕೆಂಪು ಚಾರ್ಜ್ ಆಗುತ್ತಿದೆ ಎಂದೂ ಹಸಿರು ತುಂಬಿದೆ ಎಂದೂ ಸೂಚಿಸುತ್ತದೆ. ಖಾಲಿ ಬ್ಯಾಟರಿಗೆ ಸಿಕ್ಕಿಸಿದ ಕೂಡಲೇ ಹಸಿರು ಬಂದರೆ ಚಾರ್ಜರ್‌ಗೆ ಬ್ಯಾಟರಿ ಕಾಣುತ್ತಲೇ ಇಲ್ಲ ಎಂದರ್ಥ: ಪಿನ್ ಸಡಿಲ, ಚಾರ್ಜಿಂಗ್ ಪೋರ್ಟ್‌ನ ಫ್ಯೂಸ್ ಹೋಗಿರುವುದು, ಇಲ್ಲವೇ ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ರಕ್ಷಣೆಗಾಗಿ ದಾರಿ ಮುಚ್ಚಿರುವುದು.

ಚಾರ್ಜರ್‌ನ ಬೆನ್ನಿನ ಮೇಲೆ ಔಟ್‌ಪುಟ್ ವೋಲ್ಟೇಜ್ ಬರೆದಿರುತ್ತದೆ. ನಿಮ್ಮ ಬ್ಯಾಟರಿ ಪೂರ್ತಿ ತುಂಬಿದಾಗ ತೋರಿಸಬೇಕಾದ ಅಂಕಿ ಹೆಚ್ಚುಕಡಿಮೆ ಅದೇ. ಒಂದರ ಹಿಂದೊಂದು ಜೋಡಿಸಿದ 13 ಸೆಲ್‌ಗಳ 48 ವೋಲ್ಟ್ ಲಿಥಿಯಂ ಅಯಾನ್ ಬ್ಯಾಟರಿಗೆ 54.6, ಹಾಗೆಯೇ ಜೋಡಿಸಿದ 16 ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್‌ಗೆ 58.4. ಎರಡನ್ನೂ '48 ವೋಲ್ಟ್' ಎಂದೇ ಮಾರುತ್ತಾರೆ. ನೆರೆಮನೆಯವರ ಚಾರ್ಜರ್ ಪಿನ್ ಕೂತಿತೆಂದು ಬಳಸಬಾರದು ಎನ್ನುವುದು ಇದಕ್ಕೇ. ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂಗೆ ಎಂದೂ ಹಾಕಬೇಡಿ. ಚಾರ್ಜರ್ ತುದಿಯಲ್ಲಿ ಅಳೆಯುವಾಗ ಮೀಟರ್‌ನ ಎರಡು ಕಡ್ಡಿಗಳು ತಾಗದಿರಲಿ. ಕೆಲವು ಚಾರ್ಜರ್‌ಗಳು ಬ್ಯಾಟರಿಗೆ ಜೋಡಿಸುವವರೆಗೆ ಏನೂ ತೋರಿಸುವುದಿಲ್ಲ. ಆದ್ದರಿಂದ ಸೊನ್ನೆ ಕಂಡ ಮಾತ್ರಕ್ಕೆ ಕೆಟ್ಟಿದೆ ಎಂದು ತೀರ್ಮಾನಿಸದೆ, ಅದೇ ಮಾದರಿಯ ಇನ್ನೊಂದು ಗಾಡಿಯ ಚಾರ್ಜರ್ ಹಾಕಿ ಹೋಲಿಸಿ.

ಪ್ಲಗ್ ಕೈಗೆ ಸುಡುವಷ್ಟು ಬಿಸಿಯಾಗುತ್ತಿದ್ದರೆ ದೋಷ ಸಾಕೆಟ್‌ನಲ್ಲಿರುವ ಸಾಧ್ಯತೆ ಹೆಚ್ಚು. ಹಳೆಯ ಮನೆಗಳ ಸವೆದ ಸಾಕೆಟ್, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸ್, ಕಿಟಕಿಯಿಂದ ಕೆಳಗಿಳಿದ ತೆಳು ವೈರು, ಇವು ಗಂಟೆಗಟ್ಟಲೆ ಹರಿಯುವ ವಿದ್ಯುತ್ತನ್ನು ತಡೆಯಲಾರವು. ಗಾಡಿ ನಿಲ್ಲಿಸುವಲ್ಲಿಗೆ ಅರ್ಥಿಂಗ್ ಇರುವ ಸಾಕೆಟ್ ಹಾಕಿಸುವುದು ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.

ಮೊದಲಿನಷ್ಟು ದೂರ ಓಡುತ್ತಿಲ್ಲ

ಗಾಳಿ ನೋಡಿದಿರಾ? ಗಾಡಿಗೆ ಅಂಟಿಸಿದ ಪಟ್ಟಿಯಲ್ಲಿ ಎಷ್ಟು ಪಿಎಸ್‌ಐ ಎಂದಿರುತ್ತದೆ. ಪೆಟ್ರೋಲ್ ಗಾಡಿಯವರು ಎರಡು ವಾರಕ್ಕೊಮ್ಮೆ ಬಂಕ್‌ಗೆ ಹೋಗುವುದರಿಂದ ಗಾಳಿಯ ನೆನಪಾಗುತ್ತದೆ, ಮನೆಯಲ್ಲೇ ಚಾರ್ಜ್ ಮಾಡುವವರು ತಿಂಗಳುಗಟ್ಟಲೆ ಮರೆಯುತ್ತಾರೆ. ಆಮೇಲೆ ಗಾಡಿಯನ್ನು ಮೇನ್ ಸ್ಟ್ಯಾಂಡ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಉಜ್ಜುವ ಸದ್ದಿನೊಂದಿಗೆ ಬೇಗ ನಿಂತರೆ ಬ್ರೇಕ್ ಹಿಡಿದುಕೊಂಡಿದೆ. ಮುಂದಿನ ಚಕ್ರವನ್ನೂ ಹಾಗೆಯೇ ನೋಡಿ.

ಇವೆರಡೂ ಸರಿಯಿದ್ದರೆ ಲೆಕ್ಕ ಹಾಕಿ. 60 ವೋಲ್ಟ್, 24 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 60 × 24 = 1,440 ವ್ಯಾಟ್ ಅವರ್ ಇರುತ್ತದೆ. ಮೈಸೂರಿನ ರಸ್ತೆಗಳಲ್ಲಿ ನಮ್ಮ ಗಾಡಿ ಕಿಲೋಮೀಟರಿಗೆ ಸುಮಾರು 25 ವ್ಯಾಟ್ ಅವರ್ ತಿನ್ನುತ್ತದೆ. ಪೂರ್ತಿ ಬರಿದು ಮಾಡದೆ ಐದರಲ್ಲಿ ನಾಲ್ಕು ಪಾಲು ಬಳಸಿದರೆ 46 ಕಿಲೋಮೀಟರ್. ಖರೀದಿಯ ದಿನ ಯಾರೋ 80 ಎಂದಿದ್ದರೆ, ಈಗ 45 ಬರುತ್ತಿರುವುದು ದೋಷವಲ್ಲ. ಆದರೆ ಕಳೆದ ವರ್ಷ 45 ಓಡಿದ್ದು ಅದೇ ದಾರಿ, ಅದೇ ಹೊರೆಯಲ್ಲಿ 28ಕ್ಕೆ ಇಳಿದಿದ್ದರೆ ಬ್ಯಾಟರಿ ನಿಜಕ್ಕೂ ಸೊರಗಿದೆ.

ಸೀಸದ ಬ್ಯಾಟರಿಯಾದರೆ ಮನೆಯಲ್ಲೇ ಇನ್ನೊಂದು ಹೆಜ್ಜೆ ಹೋಗಬಹುದು. 60 ವೋಲ್ಟ್ ಎಂದರೆ 12ರ ಐದು ಡಬ್ಬಿಗಳು. ತುಂಬಿಸಿ, ಕೆಲವು ಗಂಟೆ ಬಿಟ್ಟು ಅಳೆದರೆ ಪ್ರತಿಯೊಂದೂ 12.7ರ ಮೇಲಿರಬೇಕು. ಗಾಡಿ ಸ್ಟ್ಯಾಂಡ್ ಮೇಲಿದ್ದು ಒಬ್ಬರು ಬ್ರೇಕ್ ತಗುಲಿಸದೆ ಚಕ್ರ ಓಡಿಸಿದಾಗ ಭಾರ ಸಾಲದು, ಹಾಗಾಗಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದ ಕೂಡಲೇ ಮತ್ತೆ ಅಳೆಯಿರಿ. ನಾಲ್ಕು 12ರ ಮೇಲಿದ್ದು ಒಂದು 10.5ಕ್ಕೆ ಕುಸಿದಿದ್ದರೆ ಉಳಿದವನ್ನೂ ಕೆಳಗೆ ಎಳೆಯುತ್ತಿರುವುದು ಅದೇ. ಸೆಟ್ ಹೊಸದಾಗಿದ್ದರೆ ಅದೊಂದನ್ನೇ ಬದಲಿಸಿ, ವರ್ಷ ದಾಟಿದ್ದರೆ ಐದನ್ನೂ. ಹಳೆಯದರ ನಡುವೆ ಸೇರಿಸಿದ ಹೊಸದು ಬೇಗ ಹಾಳಾಗುತ್ತದೆ.

ಏರಿನಲ್ಲಿ ನಿಂತು, ಸಮತಟ್ಟಿನಲ್ಲಿ ಮತ್ತೆ ಓಡುತ್ತದೆ

ಏರು ಹತ್ತುವಾಗ ಡಿಸ್‌ಪ್ಲೇಯಲ್ಲಿ ಬ್ಯಾಟರಿಯ ಗೆರೆಗಳು ಸರ್ರನೆ ಇಳಿದು, ಇಳಿಜಾರಿನಲ್ಲಿ ಮತ್ತೆ ಮೇಲೇರಿದರೆ ಅದು ವೋಲ್ಟೇಜ್ ಕುಸಿತ. ಚಾರ್ಜ್ ಕಡಿಮೆ ಇದ್ದಾಗ ಮಾತ್ರ ಹೀಗಾದರೆ ಸಹಜ. ಪೂರ್ತಿ ತುಂಬಿದ್ದಾಗಲೂ ಆದರೆ ಸೆಲ್‌ಗಳು ದಣಿದಿವೆ, ಅಥವಾ ದಪ್ಪ ವೈರಿನ ಒಂದು ಜೋಡಣೆ ಸಡಿಲವಾಗಿದೆ. ಓಡಿಸಿ ಬಂದು ಎಂಸಿಬಿ ಆಫ್ ಮಾಡಿ, ಜೋಡಣೆಗಳ ಹೊರಕವಚವನ್ನು ಮುಟ್ಟಿ ನೋಡಿದರೆ ಸಡಿಲವಾದದ್ದೇ ಹೆಚ್ಚು ಬಿಸಿಯಾಗಿರುತ್ತದೆ.

ಗೆರೆಗಳು ಇಳಿಯದೆ ಗಾಡಿ ನಿಂತು, ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಟರೆ ಕಂಟ್ರೋಲರ್ ಅಥವಾ ಮೋಟರ್ ಕಾದಿದೆ. 250 ವ್ಯಾಟ್‌ನ ಗಾಡಿಯಲ್ಲಿ ಇಬ್ಬರು ಕೂತು ಚಾಮುಂಡಿ ಬೆಟ್ಟ ಏರಿದರೆ ಹೀಗಾಗದಿದ್ದರೇ ಆಶ್ಚರ್ಯ. ವೇಗದ ಮಿತಿ ತೆಗೆಸುವವರ ಗಾಡಿಗಳಲ್ಲೂ ಇದೇ ತೊಂದರೆ. ಹಾಗೆ ಮಾಡಿಸಿದ ಗಾಡಿ ನೋಂದಣಿ ವಿನಾಯಿತಿಯನ್ನೂ ಕಳೆದುಕೊಳ್ಳುತ್ತದೆ.

ಹೊರಡುವಾಗ ನಡುಗುತ್ತದೆ, ಗರಗರ ಎನ್ನುತ್ತದೆ

ನಿಂತಲ್ಲಿಂದ ಹೊರಡುವಾಗ ಚಕ್ರ ಹಿಂದೆಮುಂದೆ ಜಗ್ಗಿ, ಕಾಲಿನಿಂದ ತುಸು ತಳ್ಳಿಕೊಟ್ಟರೆ ಓಡಿಬಿಡುತ್ತದೆಯೇ? ಮೋಟರ್‌ನ ಒಳಗಿರುವ ಮೂರು ಹಾಲ್ ಸೆನ್ಸರ್‌ಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ. ಚಕ್ರ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರ್‌ಗೆ ತಿಳಿಸುವುದು ಅವುಗಳ ಕೆಲಸ. ಮೊದಲು ತೆಳು ವೈರುಗಳ ಕನೆಕ್ಟರ್ ಬಿಚ್ಚಿ ನೀರು, ತುಕ್ಕು ನೋಡಿ. ಅರ್ಧಕ್ಕರ್ಧ ಬಾರಿ ದೋಷ ಅಲ್ಲೇ ಮುಗಿಯುತ್ತದೆ. ಬಳಿಕ ಕನೆಕ್ಟರ್ ಜೋಡಿಸಿ, ಕೀ ಆನ್ ಇಟ್ಟು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಮೂರೂ ಸಿಗ್ನಲ್ ವೈರುಗಳನ್ನು ಅಳೆಯಿರಿ. ಪ್ರತಿಯೊಂದೂ ಸೊನ್ನೆಯ ಹತ್ತಿರದಿಂದ 5 ವೋಲ್ಟ್ ಹತ್ತಿರಕ್ಕೆ ಜಿಗಿಯುತ್ತಿರಬೇಕು. ಅಲುಗದೆ ನಿಂತದ್ದೇ ಕೆಟ್ಟದ್ದು. ಸೆನ್ಸರ್ ಬದಲಿಸಲು ಮೋಟರ್ ಬಿಚ್ಚಬೇಕಾದ್ದರಿಂದ ಅದನ್ನು ಬಲ್ಲವರಿಗೆ ಬಿಡಿ.

ಕೀ ಆಫ್ ಇದ್ದಾಗಲೂ ಗಾಡಿ ತಳ್ಳಲು ಎತ್ತಿನ ಬಂಡಿಯಷ್ಟು ಭಾರವಾಗಿ, ಚಕ್ರ ಕಟಕಟನೆ ತಡೆತಡೆದು ತಿರುಗಿದರೆ ಕಂಟ್ರೋಲರ್ ಒಳಗೆ ಶಾರ್ಟ್ ಆಗಿರಬಹುದು. ಎಂಸಿಬಿ ಆಫ್ ಮಾಡಿ, ಮೋಟರ್‌ಗೆ ಹೋಗುವ ಮೂರು ದಪ್ಪ ವೈರುಗಳನ್ನು ಬಣ್ಣ ಗುರುತಿಟ್ಟುಕೊಂಡು ಕಳಚಿ, ತುದಿಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಟೇಪ್ ಸುತ್ತಿ. ಈಗ ಚಕ್ರ ಹಗುರವಾದರೆ ದೋಷ ಕಂಟ್ರೋಲರ್‌ನದು. ಇನ್ನೂ ಬಿಗಿಯಿದ್ದರೆ ಮೋಟರ್ ಸುರುಳಿ ಅಥವಾ ಬೇರಿಂಗ್. ಇದಕ್ಕಾಗಿ ಬ್ಯಾಟರಿ ಬದಲಿಸಿ ಎಂದು ಯಾರಾದರೂ ಹೇಳಿದರೆ ಬೇರೆ ಅಂಗಡಿ ನೋಡಿ.

ಮಳೆಯ ನಂತರ, ಆಯುಧಪೂಜೆಯ ನಂತರ

ಆಯುಧಪೂಜೆಯ ಮರುದಿನ ನನಗೆ ಬರುವ ಫೋನ್ ಕರೆಗಳು ಹೆಚ್ಚು. ಹಬ್ಬಕ್ಕೆಂದು ಪ್ರೆಷರ್ ಪೈಪಿನಲ್ಲಿ ತೊಳೆದು, ಹೂ ಮುಡಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋದರೆ ಗಾಡಿ ಅಲುಗುವುದಿಲ್ಲ. ರಭಸದ ನೀರು ಸ್ವಿಚ್ಚು, ಕನೆಕ್ಟರ್‌ಗಳೊಳಗೆ ನುಗ್ಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಈ ಗಾಡಿಗೆ ಪೂಜೆಯ ಸಿದ್ಧತೆ ಆದಂತೆಯೇ.

ನೀರು ಹೋಗಿದೆ ಎನಿಸಿದರೆ ಎಂಸಿಬಿ ಆಫ್ ಮಾಡಿ, ಸೀಟ್ ತೆರೆದು, ಗಾಳಿಯಾಡುವ ನೆರಳಿನಲ್ಲಿ ಒಂದು ದಿನ ಬಿಡಿ. ಒಣಗುವ ಮುನ್ನ ಚಾರ್ಜ್‌ಗೆ ಹಾಕಬೇಡಿ. ಕನೆಕ್ಟರ್‌ನಲ್ಲಿ ಹಸಿರು ಬಣ್ಣದ ಪುಡಿ ಕಂಡರೆ ತಾಮ್ರ ಕಿಲುಬು ಹಿಡಿದಿದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಇದು ಬೇಗ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿಸಿ, ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಬ್ಯಾಟರಿಯ ಮಟ್ಟಕ್ಕೆ ನೀರು ಏರಿ ಗಾಡಿ ಮುಳುಗಿದ್ದರೆ ಮನೆಯ ತಪಾಸಣೆ ಬೇಡವೇ ಬೇಡ. ಒಣಗಿದಂತೆ ಕಂಡ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಗಾಡಿಯನ್ನು ಮನೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ, ಸರ್ವಿಸ್ ಕೇಂದ್ರಕ್ಕೆ ತಿಳಿಸಿ.

ಉಬ್ಬು, ವಾಸನೆ, ಹೊಗೆ

ಇಲ್ಲಿ ಪರೀಕ್ಷೆಯಿಲ್ಲ. ಲಿಥಿಯಂ ಬ್ಯಾಟರಿಯ ಪೆಟ್ಟಿಗೆ ಉಬ್ಬಿದ್ದರೆ, ಬಣ್ಣದ ತಿನ್ನರ್‌ನಂಥ ಸಿಹಿ ವಾಸನೆ ಬಂದರೆ, ನಿಂತಲ್ಲೇ ಬಿಸಿಯಾಗುತ್ತಿದ್ದರೆ ಅದನ್ನು ಬಳಸಬೇಡಿ, ಚಾರ್ಜ್ ಮಾಡಬೇಡಿ. ಬುಸ್ಸೆನ್ನುವ ಸದ್ದು ಅಥವಾ ಹೊಗೆ ಬಂದರೆ ಗಾಡಿ ಉಳಿಸುವ ಯೋಚನೆ ಬಿಟ್ಟು ಮನೆಯವರನ್ನು ಹೊರಗೆ ಕರೆದೊಯ್ದು 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಬ್ಯಾಟರಿ ಸುರಕ್ಷತೆಯ ಮಾನದಂಡ ಎಐಎಸ್ 156 ಅನ್ನು ಬಿಗಿಗೊಳಿಸಿದರು. ಅದರ ಎರಡನೇ ಹಂತ 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಬದಲಿ ಬ್ಯಾಟರಿ ಕೊಳ್ಳುವಾಗ ಈ ಮಾನದಂಡದ ಪ್ರಮಾಣಪತ್ರ ಕೇಳಿ ಪಡೆಯಿರಿ.

ಇದೇ ಕಾರಣಕ್ಕೆ ಮೆಟ್ಟಿಲ ಕೆಳಗೆ, ಮನೆಯ ಒಂದೇ ಬಾಗಿಲಿನ ಬಳಿ, ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡಬೇಡಿ. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಓಡಿಸಿ ಬಂದ ಬ್ಯಾಟರಿಗೆ ಕನಿಷ್ಠ ಅರ್ಧ ಗಂಟೆ ನೆರಳಿನ ವಿಶ್ರಾಂತಿ ಕೊಟ್ಟ ಮೇಲೆಯೇ ಪ್ಲಗ್ ಸಿಕ್ಕಿಸಿ. ತಿಂಗಳ ಕಾಲ ಊರಿಗೆ ಹೋಗುವುದಿದ್ದರೆ ಲಿಥಿಯಂ ಬ್ಯಾಟರಿಯನ್ನು ಅರ್ಧ ತುಂಬಿಸಿ ಎಂಸಿಬಿ ಆಫ್ ಮಾಡಿ ಇಡಿ. ಸೀಸದ್ದಾದರೆ ಪೂರ್ತಿ ತುಂಬಿಸಿಡಬೇಕು.

ಮೆಕ್ಯಾನಿಕ್ ಬಳಿ ಒಯ್ಯುವಾಗ

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದ ವೋಲ್ಟೇಜ್, ಚಾರ್ಜರ್ ಮೇಲಿನ ಅಂಕಿ, ಎಷ್ಟು ಕಿಲೋಮೀಟರ್ ಓಡಿತು, ತೊಂದರೆ ಮಳೆಯಲ್ಲೋ ಏರಿನಲ್ಲೋ ಹೊರಡುವಾಗಲೋ, ಬ್ರೇಕ್ ದೀಪದ ಸ್ಥಿತಿ. ಡಿಸ್‌ಪ್ಲೇಯಲ್ಲಿ ಮಿನುಗುವ ಸಂಕೇತವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ, ಕೀ ಆಫ್ ಮಾಡಿದರೆ ಅದು ಅಳಿಸಿಹೋಗಬಹುದು. ಬ್ಯಾಟರಿ ಬದಲಿಸಬೇಕು ಎಂದರೆ ನಿಮ್ಮ ಎದುರಿನಲ್ಲೇ ಗಾಡಿಗೆ ಭಾರ ಕೊಟ್ಟು ವೋಲ್ಟೇಜ್ ಅಳೆದು ತೋರಿಸಲು ಕೇಳಿ, ಸಾಧ್ಯವಾದರೆ ಅದೇ ಮಾದರಿಯ ಬೇರೆ ಬ್ಯಾಟರಿ ಜೋಡಿಸಿ ಓಡಿಸಿ ನೋಡಿ. ಹಣ ಕೊಡುವುದು ಅದರ ನಂತರ.